ಯಶಸ್ವಿನಿಗೆ ಪ್ರತಿವರ್ಷ ಹಣ ಕಟ್ಟಲೇಬೇಕು

ರೋಣದಲ್ಲಿರುವ ತಂದೆಯ ಯಶಸ್ವಿನಿ (ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ) ಕಾರ್ಡ್ ವರ್ಷವರ್ಷ ನವೀಕರಿಸಬೇಕಾ, ಪಕ್ಕದ ಮನೆಯವರು ಬೇಡ ಅಂದರಲ್ಲ ಅಂತ ಕೇಳಿದ್ದೀರಿ. ಅವರು ಹೇಳಿದ್ದು ಆಯುಷ್ಮಾನ್ ಕಾರ್ಡಿನ ಮಾತಿರಬೇಕು. ಅದಕ್ಕೆ ವಂತಿಗೆ ಇಲ್ಲ. ಬಿಪಿಎಲ್ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆಯ ಮಿತಿ ಪ್ರತಿವರ್ಷ ತಾನೇ ಹೊಸದಾಗುತ್ತದೆ. ಯಶಸ್ವಿನಿ ಹಾಗಲ್ಲ, ಸಹಕಾರ ಸೊಸೈಟಿಯಲ್ಲಿ ವರ್ಷವರ್ಷ ಕಟ್ಟಬೇಕು. 2022ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಇತ್ತು.

ರಸೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಒಂದೊಂದು ಹೆಸರೂ ಆಧಾರ್ ಜೊತೆ ತಾಳೆ ನೋಡಿ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ನಾಲ್ಕು ಮಡಿಕೆಯ ರಸೀದಿ ಬಿಚ್ಚಿದಾಗ ಅಪ್ಪ, ನಾನು, ತಂಗಿ ಇದ್ದೆವು. ಸ್ಟ್ರೆಚರ್ ಮೇಲಿದ್ದ ನಮ್ಮವ್ವನ ಹೆಸರೇ ಇರಲಿಲ್ಲ. ಆ ಹೊತ್ತು ಯಾರಿಗೂ ಬೇಡ. ಕೊನೇ ವಾರಕ್ಕೆ ಬಿಡಬೇಡಿ, ನೋಂದಣಿ ಶುರುವಾದ ದಿನವೇ ಹೋಗಿ.