ಯೆಹೂದಿಗಳನ್ನು ಸೋಲಿಸಿದ ಮೇಲೆ ಬ್ಯಾಬಿಲೋನಿಗೆ ಯಾಕೆ ಸಾಗಿಸಿದರು?

ಮತ್ತೆ ದಂಗೆ ಏಳಬಾರದು ಅಂತ. ಕೆಲಸ ಬಲ್ಲವರೂ ಬೇಕಿದ್ದರು. ಯೆಹೂದ ರಾಜ್ಯ ತಿರುಗಿಬಿದ್ದಾಗ ಬ್ಯಾಬಿಲೋನಿನ ರಾಜ ನೆಬೂಕದ್ನೆಚ್ಚರ ಕ್ರಿ.ಪೂ. 597ರಲ್ಲಿ ಅದರ ರಾಜಧಾನಿ ಜೆರುಸಲೇಮ್ ಹಿಡಿದ. ಇನ್ನೊಮ್ಮೆ ತಿರುಗಿಬಿದ್ದಾಗ, ಸುಮಾರು 586ರಲ್ಲಿ, ದೇವಾಲಯವನ್ನೇ ಸುಟ್ಟ. ಆದರೆ ಎಲ್ಲರನ್ನೂ ಒಯ್ಯಲಿಲ್ಲ. ರಾಜಮನೆತನ, ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳು ಹೋದರು. ಹೊಲ, ದ್ರಾಕ್ಷಿತೋಟ ನೋಡಿಕೊಳ್ಳಲು ಬಡವರನ್ನು ಬಿಟ್ಟರು. ಮುಂದಾಳುಗಳೇ ಇಲ್ಲದ ಮೇಲೆ ದಂಗೆ ಎಬ್ಬಿಸೋರು ಯಾರು, ಅಲ್ವಾ?

597ರಲ್ಲಿ ಸೆರೆಸಿಕ್ಕ ಯೆಹೂದದ ರಾಜ ಯೆಹೋಯಾಖೀನನನ್ನು ಕೊಲ್ಲಲೂ ಇಲ್ಲ. ಅವನಿಗೂ ಅವನ ಐದು ಗಂಡುಮಕ್ಕಳಿಗೂ ಅಳೆದು ಕೊಟ್ಟ ಎಣ್ಣೆಯ ಲೆಕ್ಕ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ. ಉಳಿದ ಎಷ್ಟೋ ಜನರಿಗೆ ಕಾಲುವೆ ಬದಿಯಲ್ಲಿ ಒಟ್ಟಿಗೇ ಜಮೀನು ಕೊಟ್ಟರು. ಹಾಗೆ ಒಟ್ಟಿಗಿದ್ದದ್ದರಿಂದಲೇ ಅವರು ಬೇರೆಯವರಲ್ಲಿ ಕರಗಿಹೋಗಲಿಲ್ಲ ಅಂತ ನನಗನ್ನಿಸುತ್ತದೆ. ಕ್ರಿ.ಪೂ. 539ರಲ್ಲಿ ಪರ್ಷಿಯಾದ ರಾಜ ಸೈರಸ್ ಬ್ಯಾಬಿಲೋನ್ ಗೆದ್ದ ಮೇಲೆ ಕೆಲವರು ಊರಿಗೆ ಮರಳಿದರು, ಬಹಳಷ್ಟು ಜನ ಅಲ್ಲೇ ನೆಲೆಸಿದರು.