ನ್ಯಾನೊ ಔಷಧ ‘ನೇರವಾಗಿ’ ಎಲ್ಲಿಗೂ ಹೋಗುವುದಿಲ್ಲ

ರಕ್ತಕಣ ಮತ್ತು ನ್ಯಾನೊಕಣಗಳ (ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳ) ಮೂಲಕ ಔಷಧ ಕಳುಹಿಸುವ ವಿಧಾನದ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಾಣಿಸುತ್ತಿದೆ. ಅದರ ಹಿಂದಿರುವ ತಪ್ಪು ನಂಬಿಕೆ ಜೀವಕ್ಕೆ ಅಪಾಯ ತರುವಂಥದ್ದು. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನ್ಯಾನೊ ಔಷಧ ಕ್ಯಾನ್ಸರ್ ಗಡ್ಡೆಗೆ ನೇರವಾಗಿ ಹೋಗುತ್ತದೆ, ಅಡ್ಡಪರಿಣಾಮವೇ ಇಲ್ಲ ಎಂದು ಓದಿದೆ. ತಂದೆಯವರ ಕಿಮೊಥೆರಪಿ ನಿಲ್ಲಿಸಿ ಅದಕ್ಕಾಗಿ ಕಾಯಬಹುದೇ?

ಉತ್ತರ: ನಿಲ್ಲಿಸಬೇಡಿ. ಹೀಗೆ ಕಾಯಲು ಹೋದವರು ತಿರುಗಿ ಬರುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಅವಕಾಶ ಕೈತಪ್ಪಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

‘ನೇರವಾಗಿ’ ಎಂಬ ಪದವನ್ನು ಮೊದಲು ಮರೆತುಬಿಡಿ. ರಕ್ತನಾಳಕ್ಕೆ ಚುಚ್ಚಿದ ಯಾವ ಕಣಕ್ಕೂ ಗಡ್ಡೆಯ ವಿಳಾಸ ಗೊತ್ತಿರುವುದಿಲ್ಲ. ರಕ್ತ ಕೊಂಡೊಯ್ದ ಕಡೆಗೆಲ್ಲ ಅದು ಹೋಗುತ್ತದೆ. ದಾರಿಯಲ್ಲಿ ಯಕೃತ್ತು ಮತ್ತು ಗುಲ್ಮದ (ಸ್ಪ್ಲೀನ್) ಭಕ್ಷಕ ಕೋಶಗಳು ಅದನ್ನು ಹೊರಗಿನ ವಸ್ತುವೆಂದು ಗುರುತಿಸಿ ನುಂಗುತ್ತವೆ. ಟೊರೊಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ ಅದುವರೆಗಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಜಾಲಾಡಿ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಮಧ್ಯಾಂಕ ಮೌಲ್ಯದಲ್ಲಿ (ಫಲಿತಾಂಶಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಶೇಕಡಾ 0.7 ಮಾತ್ರ. ನೂರರಲ್ಲಿ ಒಂದು ಪಾಲೂ ಇಲ್ಲ.

ಹಾಗಾದರೆ ಇವುಗಳಿಂದ ಏನು ಪ್ರಯೋಜನ? ಡಾಕ್ಸೊರುಬಿಸಿನ್ ಹಳೆಯ, ಪ್ರಬಲ ಕ್ಯಾನ್ಸರ್ ಔಷಧ. ಹೃದಯದ ಸ್ನಾಯುವಿಗೆ ಹಾನಿ ಮಾಡುವುದು ಅದರ ದೊಡ್ಡ ದೋಷ. ಅದನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಯೊಳಗೆ ತುಂಬಿದ ಡಾಕ್ಸಿಲ್‌ಗೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೃದಯದ ರಕ್ತನಾಳಗಳ ಗೋಡೆ ಬಿಗಿಯಾಗಿರುವುದರಿಂದ ಆ ಗುಳ್ಳೆಗಳು ಅಲ್ಲಿ ಸುಲಭವಾಗಿ ಹೊರಬೀಳುವುದಿಲ್ಲ. ಔಷಧ ಎಲ್ಲಿಗೆ ಹೋಯಿತು ಎನ್ನುವುದಕ್ಕಿಂತ ಎಲ್ಲಿಗೆ ಹೋಗಲಿಲ್ಲ ಎನ್ನುವುದೇ ಇಲ್ಲಿ ರೋಗಿಗೆ ಸಿಕ್ಕ ದೊಡ್ಡ ಲಾಭ. ಆದರೆ ಅದೇ ಔಷಧ ಅಂಗೈ, ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ಹೊಸ ತೊಂದರೆಯನ್ನೂ ತಂದಿತು. ಅಡ್ಡಪರಿಣಾಮವಿಲ್ಲ ಎನ್ನುವವರು ಆ ನೋವು ಅನುಭವಿಸಿದವರನ್ನು ಒಮ್ಮೆ ಮಾತನಾಡಿಸಲಿ.

ಇನ್ನು ಕೆಂಪು ರಕ್ತಕಣಗಳ ವಿಚಾರ. ನನಗೆ ನಿಜವಾಗಿ ಆಸೆ ಹುಟ್ಟಿಸುವುದು ಇವೇ. ಇವು ಸುಮಾರು 120 ದಿನ ದೇಹದಲ್ಲಿ ಸುತ್ತುತ್ತವೆ. ಮೇಲ್ಮೈಯಲ್ಲಿರುವ ಸಿಡಿ47 ಎಂಬ ಪ್ರೋಟೀನು ‘ನಾನು ನಮ್ಮವನೇ, ನುಂಗಬೇಡ’ ಎಂದು ಭಕ್ಷಕ ಕೋಶಗಳಿಗೆ ತಿಳಿಸುತ್ತದೆ. ಕಡಿಮೆ ಸಾಂದ್ರತೆಯ ಲವಣ ದ್ರಾವಣದಲ್ಲಿಟ್ಟರೆ ಕಣ ಉಬ್ಬಿ ಅದರ ಪೊರೆಯಲ್ಲಿ ರಂಧ್ರಗಳು ತೆರೆಯುತ್ತವೆ. ಆಗ ಔಷಧವನ್ನು ಒಳಗೆ ಸೇರಿಸಿ, ಸಾಂದ್ರತೆ ಸರಿಪಡಿಸಿ ಪೊರೆಯನ್ನು ಮತ್ತೆ ಮುಚ್ಚಬಹುದು. ಇನ್ನೊಂದು ದಾರಿ ನ್ಯಾನೊಕಣಗಳನ್ನು ರಕ್ತಕಣದ ಮೈಗೆ ಅಂಟಿಸುವುದು. ಏಳೆಂಟು ಮೈಕ್ರೋಮೀಟರ್ ಅಗಲದ ರಕ್ತಕಣ ತನಗಿಂತ ಕಿರಿದಾದ ಲೋಮನಾಳದಲ್ಲಿ (ಅತಿ ಸಣ್ಣ ರಕ್ತನಾಳದಲ್ಲಿ) ನುಸುಳುವಾಗ ನಾಳದ ಗೋಡೆಗೆ ಉಜ್ಜುತ್ತದೆ, ಅಂಟಿದ್ದ ನ್ಯಾನೊಕಣಗಳು ಕಳಚಿ ಅಲ್ಲೇ ಉಳಿಯುತ್ತವೆ. ಅಭಿಧಮನಿಗೆ ಚುಚ್ಚಿದರೆ ಎದುರಾಗುವ ಮೊದಲ ಲೋಮನಾಳಗಳ ಜಾಲ ಶ್ವಾಸಕೋಶದ್ದು. ಮಿದುಳಿಗೆ ಹೋಗುವ ಅಪಧಮನಿಗೆ ಚುಚ್ಚಿದರೆ ಮಿದುಳಿನದು. ಇಲ್ಲಿಯೂ ವಿಳಾಸ ಬರೆಯುವುದು ಸೂಜಿ ಚುಚ್ಚಿದ ಜಾಗ. ಕಣಕ್ಕೆ ಬುದ್ಧಿಯೇನೂ ಬಂದಿರುವುದಿಲ್ಲ. ಪ್ರಾಣಿಗಳಲ್ಲಿ ಇದು ಚೆನ್ನಾಗಿ ನಡೆದಿದೆ.

ಆದರೆ ಹೊರೆ ಹೆಚ್ಚಾದರೆ ರಕ್ತಕಣ ಬಾಗುವ ಗುಣ ಕಳೆದುಕೊಳ್ಳುತ್ತದೆ. ಗುಲ್ಮದಲ್ಲಿ ಅದು ದಾಟಬೇಕಾದ ಸೀಳುಗಳು ಸುಮಾರು ಒಂದು ಮೈಕ್ರೋಮೀಟರ್‌ನಷ್ಟೇ ಕಿರಿದು. ಬಿಗಿಯಾದ ಕಣ ಅಲ್ಲಿಯೇ ಸಿಕ್ಕಿ ನಾಶವಾಗುತ್ತದೆ. ಆಸ್ಪರಾಜಿನೇಸ್ ಎಂಬ ಕಿಣ್ವವನ್ನು ರಕ್ತಕಣದೊಳಗೆ ತುಂಬಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಕೊಟ್ಟ ಮೂರನೇ ಹಂತದ ಪ್ರಯೋಗ, ರೋಗಿಗಳ ಆಯಸ್ಸು ಹೆಚ್ಚಿಸುವಲ್ಲಿ 2021ರಲ್ಲಿ ವಿಫಲವಾಯಿತು. ಅದರ ಮೇಲೆ ನಾನೂ ಭರವಸೆ ಇಟ್ಟಿದ್ದೆ. ಆದ್ದರಿಂದಲೇ ಇಲಿಯಲ್ಲಿ ಬಂದ ಫಲಿತಾಂಶವನ್ನು ಚಿಕಿತ್ಸೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ನಿಮ್ಮ ವೈದ್ಯರನ್ನು ಕೇಳಬೇಕಾದದ್ದು ಇಷ್ಟು: ‘ತಂದೆಯ ಕ್ಯಾನ್ಸರ್‌ಗೆ ಈಗಾಗಲೇ ಅನುಮತಿ ಪಡೆದ ನ್ಯಾನೊ ರೂಪದ ಔಷಧ ಇದೆಯೇ? ಅವರ ಹೃದಯ, ಯಕೃತ್ತಿನ ಸ್ಥಿತಿಗೆ ಅದು ಹೊಂದುತ್ತದೆಯೇ?’ ಯಾರಾದರೂ ಪ್ರಯೋಗಕ್ಕೆ ಸೇರಿಸುತ್ತೇವೆ ಎಂದರೆ ನೈತಿಕ ಸಮಿತಿಯ ಒಪ್ಪಿಗೆ ಮತ್ತು ನೋಂದಣಿ ಸಂಖ್ಯೆ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಪ್ರಶ್ನೆ: ನಾಲಿಗೆಯ ಕೆಳಗೆ ಹಾಕುವ ‘ನ್ಯಾನೊ ಹನಿ’ ರಕ್ತಕಣ ಸೇರಿ ಮಧುಮೇಹವನ್ನು ಬುಡಸಹಿತ ತೆಗೆಯುತ್ತದೆಯಂತೆ. ನಿಜವೇ?

ಉತ್ತರ: ಸುಳ್ಳು. ಇದನ್ನು ನಂಬಿ ಟೈಪ್ 1 ಮಧುಮೇಹಿ ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು. ಇಂಥದ್ದನ್ನು ಮಾರುವವರು ವೈದ್ಯರಲ್ಲ, ವಂಚಕರು.

ಪ್ರಶ್ನೆ: ಎಂಆರ್‌ಎನ್‌ಎ ಲಸಿಕೆಯ ನ್ಯಾನೊಕಣಗಳು ಜೀವನಪರ್ಯಂತ ದೇಹದಲ್ಲಿ ಉಳಿಯುತ್ತವೆಯೇ?

ಉತ್ತರ: ಇಲ್ಲ. ಅವು ಕೊಬ್ಬಿನ ಕಣಗಳು; ದೇಹ ಅವನ್ನು ಒಡೆದು ವಿಲೇವಾರಿ ಮಾಡುತ್ತದೆ.

ಪ್ರಶ್ನೆ: ಮುಂದೆ ಇಂಥ ಚಿಕಿತ್ಸೆಗೆ ಬೇಕಾಗಬಹುದೆಂದು ನನ್ನ ರಕ್ತವನ್ನು ಈಗಲೇ ಶೇಖರಿಸಿಡಲೇ?

ಉತ್ತರ: ಬೇಡ. ಶೀತಕದಲ್ಲಿಟ್ಟ ಕೆಂಪು ಕಣಗಳು ಸಾಮಾನ್ಯವಾಗಿ 42 ದಿನಗಳವರೆಗೆ ಮಾತ್ರ ಬಳಕೆಗೆ ಯೋಗ್ಯ. ಆರೋಗ್ಯವಂತರಾಗಿದ್ದರೆ ಆ ರಕ್ತವನ್ನು ದಾನ ಮಾಡಿ.