ಮೆಡಿಕಲ್ ಅಂಗಡಿಯಿಂದಲೇ ಶುರು ಮಾಡಿ

ಗೆಳೆಯರೇ,

ಶಹಾಬಾದಿನಿಂದ ನೀವು ಕಳಿಸಿದ ‘ಪುರುಷರ ಗುಪ್ತ ಸಮಸ್ಯೆಗಳು’ ಲೇಖನ ಓದಿದೆ. ಗಂಡಸರ ಜನನಾಂಗದ ಸುತ್ತ ಆಗುವ ತುರಿಕೆ, ಉರಿ, ಬಣ್ಣ ಬದಲಾಗುವುದು, ಇದರ ಬಗ್ಗೆ ಬರೆಯಬೇಕು ಅಂತ ಹೊರಟಿದ್ದೀರಿ. ಒಳ್ಳೆಯ ವಿಷಯ. ಆದರೆ ಈಗಿರುವ ಹಾಗೆ ಪ್ರಕಟಿಸಲಿಕ್ಕೆ ಆಗಲ್ಲ. ಯಾಕೆ ಅಂತ ಮುಚ್ಚುಮರೆಯಿಲ್ಲದೆ ಹೇಳ್ತೀನಿ, ಬೇಜಾರಾಗಬೇಡಿ.

ಮೊದಲ ಮೂರು ಪುಟದಲ್ಲಿ ಬ್ರಹ್ಮಚರ್ಯ ಇದೆ, ಕೆಟ್ಟ ಸಹವಾಸ ಇದೆ, ಇಂದಿನ ಯುವಕರ ದಾರಿ ತಪ್ಪುವಿಕೆ ಇದೆ. ಚರ್ಮ ಮಾತ್ರ ಇಲ್ಲ. ‘ಆ ಭಾಗದಲ್ಲಿ ಆಗುವ ಆ ತೊಂದರೆ’ ಎಂದು ಬರೆದಿದ್ದೀರಿ. ಯಾವ ಭಾಗ? ತೊಡೆಸಂದಿಯಾ, ವೃಷಣದ ಚೀಲವಾ, ಶಿಶ್ನದ ತುದಿಯಾ, ಮುಂದೊಗಲಾ? ಜಾಗ ಬದಲಾದರೆ ಕಾಯಿಲೆಯೂ ಬದಲಾಗುತ್ತದೆ. ಓದುವವನು ಬಾಗಿಲು ಹಾಕಿಕೊಂಡು ಮೊಬೈಲ್ ಟಾರ್ಚ್ ಹಿಡಿದು ನೋಡಿಕೊಂಡಿರುತ್ತಾನೆ. ಅವನು ಕಂಡದ್ದನ್ನು ನೀವು ಹೆಸರಿಡದಿದ್ದರೆ ನಿಮ್ಮ ಲೇಖನದಿಂದ ಅವನಿಗೇನು ಉಪಯೋಗ?

ನಿಮ್ಮ ಲೇಖನದ ಜೀವ ಇರುವುದು ಕೊನೆಯ ಪುಟದಲ್ಲಿ. ಒಬ್ಬ ಹುಡುಗ ಮೆಡಿಕಲ್ ಅಂಗಡಿ ಮುಂದೆ ನಿಂತಿದ್ದಾನೆ. ಹೆಣ್ಣುಮಕ್ಕಳು ಹೋಗಲಿ ಅಂತ ಕಾಯ್ತಾನೆ, ಸುಮ್ನೆ ಒಂದು ಕೆಮ್ಮಿನ ಗುಳಿಗೆ ಕೊಳ್ತಾನೆ, ಆಮೇಲೆ ದನಿ ತಗ್ಗಿಸಿ, ‘ಅಣ್ಣಾ, ತೊಡಿ ಸಂದ್ಯಾಗ ಭಾಳ ತುರಸ್ಲತ್ತದ, ಒಂದ್ ಛಲೋ ಟ್ಯೂಬ್ ಕೊಡ್ರಿ’ ಅಂತಾನೆ. ಅಂಗಡಿಯವನು ಏನೂ ಕೇಳದೆ ಕೊಡ್ತಾನೆ. ಇದನ್ನು ತಂದು ಮೊದಲಿಗೇ ಇಡಿ. ಇಲ್ಲಿಂದಲೇ ಲೇಖನ ಶುರುವಾಗಬೇಕು, ಯಾಕಂದ್ರೆ ನಮ್ಮ ಕಡೆ ಕಾಯಿಲೆ ಹದಗೆಡುವುದೂ ಇಲ್ಲಿಂದಲೇ.

ಆ ಟ್ಯೂಬಿನಲ್ಲಿ ಏನಿತ್ತು ಅಂತ ನೀವು ಬರೆದಿಲ್ಲ. ವಿಚಾರಿಸಿ ಬರೆಯಿರಿ. ಹೀಗೆ ಕೈಗೆ ಬರುವ ಟ್ಯೂಬಿನಲ್ಲಿ ಬಹಳ ಸಲ ಕ್ಲೋಬೆಟಸಾಲ್ ಇಲ್ಲವೇ ಬೀಟಾಮೆಥಸೋನ್ ಎಂಬ ಜೋರಾದ ಸ್ಟಿರಾಯ್ಡ್ ಇರುತ್ತದೆ. ಹುಡುಗನಿಗೆ ಆಗಿರುವುದು ಹೆಚ್ಚಾಗಿ ಗಜಕರ್ಣ, ಅಂದರೆ ಶಿಲೀಂಧ್ರದ ಸೋಂಕು. ಏಪ್ರಿಲ್ ಮೇ ಬಂದರೆ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಕಲ್ಲುಗಣಿಯಲ್ಲಿ ದುಡಿಯುವವರು, ದಿನವಿಡೀ ರೆಕ್ಸಿನ್ ಸೀಟಿನ ಮೇಲೆ ಕೂರುವ ಆಟೋದವರು, ಬಿಗಿ ಜೀನ್ಸ್ ಹಾಕಿದ ಕಾಲೇಜು ಹುಡುಗರು, ಎಲ್ಲರ ತೊಡೆಸಂದಿಯೂ ಬೆವರಲ್ಲೇ ಇರುತ್ತದೆ. ಸ್ಟಿರಾಯ್ಡ್ ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ. ‘ಏನ್ ಛಲೋ ಔಷಧ’ ಅಂತ ಗೆಳೆಯನಿಗೂ ಹೇಳ್ತಾನೆ. ಒಳಗೆ ಶಿಲೀಂಧ್ರ ಆರಾಮಾಗಿ ಹಬ್ಬುತ್ತಿರುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತದೆ. ಉಂಗುರದಂಥ ಅಂಚು ಕಲೆಸಿಹೋಗಿ ವೈದ್ಯರಿಗೂ ಗುರುತು ಸಿಗದ ಹಾಗಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವನ ತೊಡೆಯ ಚರ್ಮ ತೆಳ್ಳಗಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಮೂಡುತ್ತವೆ. ಅವು ಹೋಗುವುದಿಲ್ಲ.

ಇನ್ನೊಂದು ಸಂಗತಿ ಸೇರಿಸಿ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಹಚ್ಚಿ ಅಳೆದು ನೋಡಿದರು. ಮುಂದೋಳಿನ ಚರ್ಮಕ್ಕಿಂತ ವೃಷಣ ಚೀಲದ ಚರ್ಮ ಸುಮಾರು 42 ಪಟ್ಟು ಜಾಸ್ತಿ ಹೀರಿಕೊಂಡಿತ್ತು. ಕೈಗೆ ಹಚ್ಚುವ ಮುಲಾಮನ್ನು ಅಲ್ಲಿಗೂ ಹಚ್ಚಬಾರದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? 2018ರಿಂದ ಇಂಥ ಜೋರಾದ ಸ್ಟಿರಾಯ್ಡ್ ಮುಲಾಮುಗಳು ಔಷಧ ಕಾನೂನಿನ ಷೆಡ್ಯೂಲ್ ಎಚ್‌ನಲ್ಲಿವೆ, ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮಾರಾಟ ನಡೆದೇ ಇದೆ, ನಿಮಗೂ ಗೊತ್ತು.

ಈಗ ತಪ್ಪುಗಳು. ‘ಆ ಭಾಗ ಕಪ್ಪಾದರೆ ರೋಗದ ಸೂಚನೆ’ ಎಂದಿದ್ದೀರಿ. ತೆಗೆದುಹಾಕಿ. ಪ್ರಾಯಕ್ಕೆ ಬಂದ ಮೇಲೆ ಹಾರ್ಮೋನಿನಿಂದ ಅಲ್ಲಿನ ಚರ್ಮ ಉಳಿದ ಮೈಗಿಂತ ಕಪ್ಪಾಗುವುದೇ ಸಹಜ. ಬೆಳ್ಳಗಾಗಿಸುವ ಕ್ರೀಮಿನ ಸಾಲನ್ನೂ ಅದರ ಜೊತೆಗೇ ತೆಗೆಯಿರಿ. ಶಿಶ್ನದ ತುದಿಯ ಅಂಚಿಗೆ ಸಾಲಾಗಿ ಇರುವ ಸಣ್ಣ ಸಣ್ಣ ಗುಳ್ಳೆಗಳೂ ಬಹಳ ಗಂಡಸರಲ್ಲಿ ಇರುತ್ತವೆ, ಯಾರಿಗೂ ಅಂಟುವುದಿಲ್ಲ. ಅವನ್ನು ಗುಪ್ತರೋಗ ಅಂತ ಬರೆದು ಎಷ್ಟು ಹುಡುಗರ ನಿದ್ದೆ ಕೆಡಿಸುತ್ತಿದ್ದಿರಿ! ಬಸ್ ಸ್ಟ್ಯಾಂಡ್ ಗೋಡೆಯ ಬೋರ್ಡುಗಳು ಆ ಕೆಲಸ ಮಾಡ್ತಾನೇ ಇವೆ, ನಾವೂ ಯಾಕೆ?

ತುರಿಕೆಗೆ ಮದ್ದು ಅಂತ ನೀವು ಬರೆದ ನಿಂಬೆಹಣ್ಣು, ಉಪ್ಪು, ಡೆಟಾಲ್: ಮೂರನ್ನೂ ಹೊಡೆದುಹಾಕಿದ್ದೀನಿ. ತುರಿಸಿ ಹಸಿಯಾದ ಚರ್ಮದ ಮೇಲೆ ನಿಂಬೆ ಹಿಂಡಿಕೊಂಡವನ ಪಾಡು ನೆನೆಸಿಕೊಳ್ಳಿ. ಸುಟ್ಟಂತಾಗಿ ಹೊಸ ಕಲೆ ಬೀಳುತ್ತದೆ.

ನೀವು ಪೂರ್ತಿ ಬಿಟ್ಟಿರುವುದು ಗುಳಿಗೆಯ ಕಲೆ. ಜ್ವರಕ್ಕೋ ಭೇದಿಗೋ ನೋವಿಗೋ ಒಂದು ಮಾತ್ರೆ ನುಂಗುತ್ತಾರೆ. ಕೆಲವು ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನದಲ್ಲಿ, ಶಿಶ್ನದ ತುದಿಯಲ್ಲಿ ದುಂಡಗೆ ಕೆಂಪಾಗಿ ಉರಿಯುತ್ತದೆ. ಕೆಲವೊಮ್ಮೆ ಬೊಬ್ಬೆ ಎದ್ದು ಒಡೆಯುತ್ತದೆ. ಮಾಯ್ದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಮುಂದಿನ ಸಲ ಅದೇ ಮಾತ್ರೆ ನುಂಗಿದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಕೋಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳು ಹೀಗೆ ಮಾಡುತ್ತವೆ. ಪಾಪ, ಏನೂ ತಪ್ಪು ಮಾಡದವನ ಮೇಲೆ ಹೆಂಡತಿಗೆ ಅನುಮಾನ ಬರುತ್ತದೆ. ಮಾತ್ರೆಯ ಹೆಸರು ಬರೆದುಕೊಂಡು ವೈದ್ಯರಿಗೆ ತೋರಿಸಿದರೆ ಸಾಕಿತ್ತು. ಇದಕ್ಕೆ ಒಂದು ಪ್ಯಾರಾ ಪೂರ್ತಿ ಕೊಡಿ.

ಶುಗರ್ ಬಗ್ಗೆಯೂ ಒಂದು ಮಾತಿಲ್ಲ. ಮುಂದೊಗಲು ಪದೇ ಪದೇ ಸೀಳುವುದು, ಕೆಂಪಾಗಿ ಬಿಳಿ ಮೊಸರಿನಂಥದ್ದು ಕೂರುವುದು ಕೆಲವರಲ್ಲಿ ಸಕ್ಕರೆ ಕಾಯಿಲೆಯ ಮೊದಲ ಗುರುತು. ರಾತ್ರಿ ಹೊತ್ತು ಮನೆಮಂದಿಗೆಲ್ಲ ತುರಿಕೆ, ವೃಷಣದ ಮೇಲೆ ಗಂಟುಗಂಟಾದ ಗುಳ್ಳೆ ಅಂದರೆ ಕಜ್ಜಿ. ಎಲ್ಲರೂ ಒಟ್ಟಿಗೆ ಔಷಧ ಹಚ್ಚಬೇಕು. ಬಿಳಿ ಕಲೆ ಎಲ್ಲಾ ತೊನ್ನಲ್ಲ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಚರ್ಮ ಮೆತ್ತಗೇ ಇರುತ್ತದೆ. ಬಿಳಿಚಿ, ಗಟ್ಟಿಯಾಗಿ, ಮುಂದೊಗಲು ಹಿಂದೆ ಸರಿಯದಿದ್ದರೆ ಅದು ಬೇರೆ ಕಾಯಿಲೆ, ತಡಮಾಡದೆ ತೋರಿಸಬೇಕು. ನೋವೇ ಇಲ್ಲದ ಹುಣ್ಣಿನ ಬಗ್ಗೆ ಎಚ್ಚರಿಕೆ ಬರೆಯಿರಿ: ಸಿಫಿಲಿಸ್ ಎಂಬ ಲೈಂಗಿಕ ರೋಗದ ಹುಣ್ಣು ತಾನೇ ಮಾಯುತ್ತದೆ, ಕಾಯಿಲೆ ಮೈಯಲ್ಲೇ ಉಳಿಯುತ್ತದೆ. ರಕ್ತ ಪರೀಕ್ಷೆ ಮಾಡಿಸಲೇಬೇಕು.

ಎಲ್ಲಿಗೆ ಹೋಗಬೇಕು ಅಂತಲೂ ಬರೆಯಿರಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಚರ್ಮದ ವೈದ್ಯರನ್ನು ಕಾಣಬೇಕು ಎಂದರೆ ಸಾಕು, ಚೀಟಿ ಕೌಂಟರಿನಲ್ಲಿ ಕಾರಣ ಹೇಳಬೇಕಾಗಿಲ್ಲ. ಈ ಒಂದು ಸಾಲಿನಿಂದಲೇ ನಾಲ್ಕು ಜನ ಹೋಗಬಹುದು.

ನೀವು ಕಳಿಸಿದ ಫೋಟೊಗಳನ್ನು ಹಾಕುವುದಿಲ್ಲ. ಯಾರದ್ದು, ಒಪ್ಪಿಗೆ ಕೇಳಿದ್ದೀರಾ, ಏನೂ ಬರೆದಿಲ್ಲ. ಮೊಬೈಲಿನಿಂದ ಅಳಿಸಿಬಿಡಿ. ತಿದ್ದಿದ ಮೇಲೆ ಒಬ್ಬ ಚರ್ಮದ ವೈದ್ಯರಿಗೆ ಓದಿಸಿ, ಅವರು ಹೇಳಿದ್ದನ್ನು ಸರಿಪಡಿಸಿ ಕಳಿಸಿ. ಬ್ರಹ್ಮಚರ್ಯ ಪೂರ್ತಿ ಬೇಡ. ಮತ್ತೆ ದಯವಿಟ್ಟು ಯುನಿಕೋಡ್‌ನಲ್ಲಿ ಟೈಪ್ ಮಾಡ್ರಿ. ಈ ಸಲ ಅರ್ಧ ಲೇಖನ ನನ್ನ ಕಂಪ್ಯೂಟರಿನಲ್ಲಿ ಬರೀ ಚೌಕಗಳಾಗಿ ಬಂದಿತ್ತು.